ಕಲ್ಲಚ್ಚಿನ ಲಕ್ಷ್ಮಿ ಬೇರೆ, ಫ್ಲೆಕ್ಸಿನ ಲಕ್ಷ್ಮಿ ಬೇರೆ!

ನಮಸ್ಕಾರ, ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಮಾತನಾಡುತ್ತಿದ್ದೇನೆ. ಕಳೆದ ಸಂಚಿಕೆಯ ಕೆಳಗೆ ಒಬ್ಬರು ಬರೆದಿದ್ದಾರೆ: "ಲಕ್ಷ್ಮಿ ಎಂದರೆ ಲಕ್ಷ್ಮಿ. ಕಲ್ಲಚ್ಚಾದರೇನು, ಫ್ಲೆಕ್ಸಾದರೇನು?" ಅದಕ್ಕೆ ಮೆಚ್ಚುಗೆ ಬೇರೆ! ಇಲ್ಲ ಸ್ವಾಮೀ, ಅಚ್ಚಿನ ವಸ್ತು ಬದಲಾದರೆ ದೇವರ ಚಿತ್ರದ ಅರ್ಥವೂ ಬದಲಾಗುತ್ತದೆ.

ರಾಜಾ ರವಿವರ್ಮ ಮುಂಬಯಿಯಲ್ಲಿ ಕಲ್ಲಚ್ಚಿನ (ಲಿಥೋಗ್ರಫಿ) ಮುದ್ರಣಾಲಯ ತೆರೆದದ್ದು 1894ರಲ್ಲಿ. (ನಮ್ಮ ಪಕ್ಕದ ಮಂಗಳೂರಿನಲ್ಲಿ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು ಅದಕ್ಕೂ ಎಷ್ಟೋ ಮೊದಲೇ, 1843ರಲ್ಲಿ, ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಮುದ್ರಿಸಿದ್ದರು. ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.) ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬರೆದು, ಕಲ್ಲನ್ನು ಒದ್ದೆ ಮಾಡಿ ಶಾಯಿ ಹಚ್ಚಿದರೆ ಜಿಡ್ಡಿರುವಲ್ಲಿ ಮಾತ್ರ ಶಾಯಿ ನಿಲ್ಲುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಬಣ್ಣದ ಮೇಲೆ ಬಣ್ಣ ಕೂತು ದೇವಿಯ ಕೆನ್ನೆಗೆ ಮನುಷ್ಯರ ಮೈಬಣ್ಣ ಬಂತು. ಕಾಗದ ಅಗ್ಗ; ಗುಡಿಯೊಳಗೆ ಬಿಟ್ಟುಕೊಳ್ಳದಿದ್ದ ಜನರ ಮನೆಯ ಗೋಡೆಗೂ ಲಕ್ಷ್ಮಿ ಬಂದಳು. ಶ್ಲೋಕ ಅದೇ, ತಾವರೆ ಅದೇ. ಬದಲಾದದ್ದು ಕಲ್ಲು ಮತ್ತು ಕಾಗದ!

"ಇದೆಲ್ಲ ಕಲಾವಿದರ ಚಪಲ" ಎನ್ನುವವರು ಡಚ್ ಚಿತ್ರಕಾರ ರೆಂಬ್ರಾಂಟ್ 1653ರಲ್ಲಿ ಮಾಡಿದ, ಏಸುವನ್ನು ಶಿಲುಬೆಗೇರಿಸಿದ ದೃಶ್ಯದ ಅಚ್ಚುಚಿತ್ರ 'ಮೂರು ಶಿಲುಬೆಗಳು' ನೋಡಲಿ. ತಾಮ್ರದ ತಗಡನ್ನು ಸೂಜಿಯಿಂದ ಗೀರಿದಾಗ ಗೆರೆಯ ಅಂಚಿನಲ್ಲಿ ಲೋಹದ ಸಿಬಿರು ಏಳುತ್ತದೆ. ಅದು ಶಾಯಿ ಹಿಡಿದು ಗೆರೆಯನ್ನು ದಟ್ಟವಾಗಿಸುತ್ತದೆ, ಕೆಲವೇ ಪ್ರತಿಗಳಲ್ಲಿ ಸವೆದುಹೋಗುತ್ತದೆ. ಆ ತಗಡನ್ನು ಆತ ಮುಂದೆ ಮತ್ತೆ ಗೀರಿ ಕತ್ತಲು ತುಂಬಿದ. ಶಿಲುಬೆ ಅದೇ, ಸಂಕಟ ಬೇರೆ.

ದೂರ ಏಕೆ ಹೋಗಬೇಕು? ಇಲ್ಲೇ ಅನಂತಪುರದ ಸರೋವರ ದೇವಸ್ಥಾನದಲ್ಲಿ ಮೂಲ ಮೂರ್ತಿ ಕಡುಶರ್ಕರ ಪಾಕದ್ದು, ಅಂದರೆ ಹಲವು ಔಷಧೀಯ ವಸ್ತುಗಳನ್ನು ಬೆರೆಸಿ ಮಾಡಿದ್ದು. 1972ರಲ್ಲಿ ಪಂಚಲೋಹದ ಮೂರ್ತಿ ಬಂತು. ಆಮೇಲೆ ಮತ್ತೆ ಕಡುಶರ್ಕರವೇ ಬೇಕೆಂದು ಹೊರಟರು. "ಯಾವುದಾದರೇನು" ಎಂದು ಅವರು ಸುಮ್ಮನಿರಲಿಲ್ಲ!

ಈಗ ನಾಗಮಂಡಲಕ್ಕೆ, ನಾಗಾರಾಧನೆಯಲ್ಲಿ ನೆಲದ ಮೇಲೆ ಬಣ್ಣದ ಪುಡಿಗಳಿಂದ ಬರೆಯುವ ನಾಗನ ಚಿತ್ರಕ್ಕೆ, ಬನ್ನಿ. ಅರಿಶಿನಕ್ಕೆ ಸುಣ್ಣ ಬೆರೆಸಿದ ಕೆಂಪು, ಅಕ್ಕಿಹಿಟ್ಟಿನ ಬಿಳಿ. ಬರೆಯುವುದೇ ಕೊನೆಗೆ ಅಳಿಸುವುದಕ್ಕಾಗಿ. ಅದೇ ನಾಗನನ್ನು ಫ್ಲೆಕ್ಸಿನಲ್ಲಿ ಮುದ್ರಿಸಿ ರಸ್ತೆ ಬದಿಗೆ ಕಟ್ಟುತ್ತೀರಿ. ಅದು ಅಳಿಯುವುದೇ ಇಲ್ಲ! ಉತ್ಸವ ಮುಗಿದ ಮೇಲೆ ಸೌದೆ ರಾಶಿಗೆ ಹೊದಿಕೆಯಾಗುತ್ತದೆ, ಕೋಳಿಗೂಡಿಗೆ ಮಾಡಾಗುತ್ತದೆ, ಕೊನೆಗೆ ಚರಂಡಿಗೆ ಸೇರುತ್ತದೆ. "ಮಳೆಗೆ ತಡೆಯುತ್ತದೆ, ಖರ್ಚು ಕಡಿಮೆ" ಎನ್ನುತ್ತೀರಿ. ಮಳೆಗೆ ತಡೆಯಬೇಕಾದದ್ದು ಕೊಡೆ, ನಾಗಮಂಡಲವಲ್ಲ!

ಎಷ್ಟು ಸಲ ಹೇಳಬೇಕು? ಕಲ್ಲು ಬೇರೆ, ತಾಮ್ರ ಬೇರೆ, ಪ್ಲಾಸ್ಟಿಕ್ ಬೇರೆ! ಒಪ್ಪದವರು ಒಪ್ಪದಿರಲಿ, ನಾನು ಹೇಳುವುದನ್ನು ನಿಲ್ಲಿಸುವುದಿಲ್ಲ. ಚಾನೆಲ್‌ಗೆ ಚಂದಾದಾರರಾಗಿ, ಊರಿನ ಉತ್ಸವ ಸಮಿತಿಯವರಿಗೆ ಈ ವಿಡಿಯೊ ಕಳುಹಿಸಿ. ಮುಂದಿನ ಭಾನುವಾರ ಹಲಸಿನ ಹಲಗೆಯಲ್ಲಿ ಗಣಪತಿಯ ಅಚ್ಚು ಕೆತ್ತಿ, ನಿಮ್ಮೆದುರೇ ಕಾಗದಕ್ಕೆ ಒತ್ತುತ್ತೇನೆ. ಟಿಪ್ಪಣಿ ಬರೆದ ಮಹನೀಯರು ಖಂಡಿತ ನೋಡಬೇಕು. ಆಮೇಲೂ "ಯಾವುದಾದರೇನು" ಎನಿಸಿದರೆ ಮತ್ತೆ ಬರೆಯಲಿ, ನಾನು ಮತ್ತೆ ಉತ್ತರಿಸುತ್ತೇನೆ.