ಮಾಂಗಾ ಓದೋಕೆ ಇ-ರೀಡರ್ ಬೇಕಾ? ಮೊದಲು ಜೆರಾಕ್ಸ್ ಅಂಗಡಿಗೆ ಹೋಗಿ

[ಕೈಯಲ್ಲಿ ಒಂದು ಜೆರಾಕ್ಸ್ ಹಾಳೆ]

ಈ ಹಾಳೆ ನೋಡಿ. ಒಂದು ಮಾಂಗಾ, ಅಂದರೆ ಜಪಾನಿನ ಕಾಮಿಕ್ಸ್, ಪುಟವನ್ನು 70 ಪರ್ಸೆಂಟ್‌ಗೆ ಇಳಿಸಿ ತೆಗೆಸಿದ್ದು. "ಇಷ್ಟು ಚಿಕ್ಕದು ಮಾಡಿದರೆ ಓದೋಕಾಗಲ್ಲ ಸಾರ್" ಅಂದರು ಅಂಗಡಿಯವರು. ನಾನು ನೋಡಬೇಕಿದ್ದದ್ದೂ ಅದನ್ನೇ!

6 ಇಂಚಿನ ಇ-ರೀಡರ್‌ನಲ್ಲಿ ಪುಟ ಕಾಣುವುದು ಇಷ್ಟೇ. ಜಪಾನಿನಲ್ಲಿ ಅಚ್ಚಾಗುವ ಮಾಂಗಾ ಪುಸ್ತಕ ಸಾಮಾನ್ಯವಾಗಿ ಸುಮಾರು 11 ಸೆಂ.ಮೀ. ಅಗಲ, 17 ಸೆಂ.ಮೀ. ಉದ್ದ ಇರುತ್ತದೆ. 6 ಇಂಚು ಅನ್ನುವುದು ಮೂಲೆಯಿಂದ ಮೂಲೆಗೆ ಅಳೆದ ಲೆಕ್ಕ, ಸ್ಕ್ರೀನ್ ಇರುವುದು ಹತ್ತಿರ ಹತ್ತಿರ 9ಕ್ಕೆ 12 ಸೆಂ.ಮೀ. ಕಾದಂಬರಿ ಆದರೆ ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು. ಮಾಂಗಾದಲ್ಲಿ ಮಾತೂ ಚಿತ್ರದೊಳಗೇ ಇರುತ್ತದಲ್ವಾ, ಪುಟ ಕುಗ್ಗಿದರೆ ಅದೂ ಕುಗ್ಗುತ್ತದೆ.

ನನಗೆ ಇದು ಗೊತ್ತಾಗಿದ್ದು ದುಡ್ಡು ಕೊಟ್ಟ ಮೇಲೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು 6 ಇಂಚಿನದು ತಗೊಂಡು ವಿಜಯನಗರದಲ್ಲಿ ಮೆಟ್ರೋ ಹತ್ತಿದೆ, ಒಂದು ಕೈ ಹಿಡಿಕೆ ಮೇಲೆ, ಇನ್ನೊಂದರಲ್ಲಿ ಇದು, ಎರಡು ಬೆರಳಲ್ಲಿ ಝೂಮ್ ಮಾಡೋಣ ಅಂದರೆ ಮೂರನೇ ಕೈ ಬೇಕು. ಹೇಗೋ ಮಾಡಿದರೆ ಸ್ಕ್ರೀನ್ ಒಮ್ಮೆ ಕಪ್ಪಾಗಿ, ಬೆಳ್ಳಗಾಗಿ, ಆಮೇಲೆ ನಿಧಾನಕ್ಕೆ ಚಿತ್ರ ಮೂಡುತ್ತದೆ. ಇ-ಇಂಕ್, ಅಂದರೆ ಇ-ರೀಡರ್‌ನ ಕಾಗದದಂಥ ಸ್ಕ್ರೀನ್‌ನಲ್ಲಿ, ಕಪ್ಪು ಬಿಳಿ ಕಣಗಳು ನಿಜವಾಗಿಯೂ ಮೇಲೆ ಕೆಳಗೆ ಚಲಿಸಬೇಕು, ಅದಕ್ಕೇ ಈ ತಡ. ಎಂ.ಜಿ. ರೋಡ್ ಬರುವಷ್ಟರಲ್ಲಿ ನಾಲ್ಕು ಪುಟ ಆಗಿತ್ತು. ಇಳಿದು ಸೀದಾ ಚರ್ಚ್ ಸ್ಟ್ರೀಟ್‌ಗೆ ಹೋಗಿ ಅದೇ ಪುಸ್ತಕವನ್ನು ಕಾಗದದಲ್ಲಿ ಕೊಂಡೆ.

ಬಣ್ಣದ್ದು ತಗೊಳ್ಳಲಾ ಅಂತ ತುಂಬಾ ಜನ ಕೇಳುತ್ತೀರಿ. ಮಾಂಗಾಗೆ ಬೇಡ, ಅದು ಹೆಚ್ಚಾಗಿ ಕಪ್ಪು ಬಿಳುಪೇ. ಕೆಲೈಡೋ 3 ಅನ್ನೋ ಬಣ್ಣದ ಇ-ಇಂಕ್ ಸ್ಕ್ರೀನ್‌ನಲ್ಲಿ ಕಪ್ಪು ಬಿಳುಪು ಇಂಚಿಗೆ 300 ಪಿಕ್ಸೆಲ್, ಬಣ್ಣ ಬಂದರೆ 150. ಮೇಲೊಂದು ಬಣ್ಣದ ಫಿಲ್ಟರ್ ಪದರ ಕೂತಿರುವುದರಿಂದ ಬಿಳಿ ಜಾಗವೂ ಸ್ವಲ್ಪ ಮಂಕು. ಅಮರ ಚಿತ್ರಕಥೆ ಥರದ ದೊಡ್ಡ ಬಣ್ಣದ ಪುಟಕ್ಕಾದರೆ ಸುಮ್ನೆ 10 ಇಂಚಿನ ಟ್ಯಾಬ್ಲೆಟ್ ತಗೊಳ್ಳಿ.

ಫೈಲ್ ವಿಷಯ ಬೇಗ ಹೇಳಿಬಿಡುತ್ತೇನೆ. ಸಿಬಿಝಡ್ ಅಂದರೆ ಚಿತ್ರಗಳನ್ನು ತುಂಬಿದ ಝಿಪ್ ಫೈಲ್, ಅಷ್ಟೇ. ಕೋಬೋ ಕಂಪನಿಯ ಇ-ರೀಡರ್ ಅದನ್ನು ನೇರ ತೆಗೆಯುತ್ತದೆ. ಅಮೆಜಾನ್‌ನ ಕಿಂಡಲ್‌ಗೆ ಕಿಂಡಲ್ ಕಾಮಿಕ್ ಕನ್ವರ್ಟರ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಬದಲಾಯಿಸಿಕೊಳ್ಳಬೇಕು. ಅಲ್ಲಿ ಮಾಂಗಾ ಮೋಡ್‌ಗೆ ಟಿಕ್ ಹಾಕೋದು ಮರೀಬೇಡಿ, ಬಲದಿಂದ ಎಡಕ್ಕೆ ಓದುವ ಪುಸ್ತಕ ಇದು. ನಾನು ಮರೆತು, ಜೋಡಿ ಪುಟದಲ್ಲಿ ಮೊದಲು ಏಟು ಬಿದ್ದು ಆಮೇಲೆ ಕೈ ಎತ್ತುವುದನ್ನು ನೋಡಿದೆ. ನನ್ನ ಫೈಲುಗಳು ಒಂದೊಂದು 100 ಎಂಬಿ ಆಸುಪಾಸು ಇವೆ, ಹಾಗಾಗಿ 16 ಜಿಬಿ ಇದ್ದರೂ ನನಗೆ ಧಾರಾಳ. ಪುಟ ತಿರುಗಿಸೋಕೆ ಬಟನ್ ಇದ್ದರೆ ಮೆಟ್ರೋದಲ್ಲಿ ನಿಂತು ಓದುವವರಿಗೆ ಸ್ವರ್ಗ.

[ಎರಡನೇ ಹಾಳೆ]

ಇದು 80 ಪರ್ಸೆಂಟ್. 7 ಇಂಚಿನ ಸ್ಕ್ರೀನ್‌ನಲ್ಲಿ ಕಾಣುವುದು ಹೆಚ್ಚು ಕಡಿಮೆ ಹೀಗೆ. ಕನ್ನಡಕ ಹಾಕಿಕೊಂಡರೆ ನನಗೆ ಸಾಕು. ನಮ್ಮಣ್ಣನಿಗೆ ತೋರಿಸಿದೆ, ತೋಳು ಚಾಚಿ ಹಾಳೆಯನ್ನು ದೂರ ಹಿಡಿದ. ಅವನಿಗೆ 8 ಇಂಚಿನ ಹತ್ತಿರದ್ದೇ ಆಗಬೇಕು. ಎರಡು ಜೆರಾಕ್ಸ್‌ಗೆ ನಾಲ್ಕು ರೂಪಾಯಿ ಆಯಿತು.