ಶಹಾಬಾದಿ ನೆಲದ ಮೇಲಿನ ಸಾಲಿ

ಕೇಳುಗರಿಗೆಲ್ಲ ನಮಸ್ಕಾರ.

ಬೆಳಿಗ್ಗೆ ಹನ್ನೊಂದು ಗಂಟೆಗೆ ಕಲಬುರಗಿಯ ಯಾವ ಓಣಿಯಲ್ಲಾದರೂ ಒಂದು ಮಗು ಕಂಡರೆ ಜನ ಸುಮ್ನೆ ಮುಂದೆ ಹೋಗುವುದಿಲ್ಲ. ನಿಂತು ಕೇಳುತ್ತಾರೆ. "ಯಾಕಪಾ, ಸಾಲಿಗಿ ಹೋಗಿಲ್ಲೇನು?" ಈ ಕಾಳಜಿ ನನಗೆ ಬಹಳ ಇಷ್ಟ. ಯಾರ ಮಗುವೋ ಏನೋ, ಅದರ ಓದಿನ ಚಿಂತೆ ದಾರಿಯಲ್ಲಿ ಹೋಗುವವರಿಗೂ ಇದೆ ಅಲ್ವಾ?

ನಮ್ಮ ಮಕ್ಕಳಿಬ್ಬರಿಗೂ ಈ ಪ್ರಶ್ನೆ ದಿನಾ ಬರುತ್ತದೆ. ಮಗಳಿಗೆ ಹನ್ನೆರಡು ವರ್ಷ, ಮಗನಿಗೆ ಏಳು. ಇಬ್ಬರೂ ಮನೆಯಲ್ಲೇ ಓದುತ್ತಾರೆ. ಮಗಳು ನಿಂತು, "ನಾವು ಮನ್ಯಾಗ ಓದ್ತೀವ್ರಿ ಕಾಕಾ" ಎಂದು ವಿವರಿಸುತ್ತಾಳೆ. ಮಗನಿಗೆ ಅಷ್ಟು ಪುರುಸೊತ್ತಿಲ್ಲ. "ನಮ್ಮ ಸಾಲಿ ನನಗ ಉಪ್ಪು ತರ್ಲಾಕ ಕಳಿಸ್ಯದ್ರಿ" ಎಂದು ಓಡುತ್ತಾನೆ. ಉಪ್ಪಿಗೆ ಎಷ್ಟು ಕೊಟ್ಟ, ಎಷ್ಟು ಚಿಲ್ಲರೆ ತಂದ ಎಂಬುದೇ ಅವತ್ತಿನ ಲೆಕ್ಕ. ಹಾಗಾಗಿ ಅವನು ಹೇಳಿದ್ದು ನಿಜವೇ.

ಮಗಳು ಎರಡನೇ ತರಗತಿಯವರೆಗೆ ಶಾಲೆಗೆ ಹೋಗಿದ್ದಳು. ಮೊದಲು ಮಾತಿಗೊಂದು ಪ್ರಶ್ನೆ ಕೇಳುತ್ತಿದ್ದ ಹುಡುಗಿ. ಮೋಡ ಯಾಕೆ ಬೀಳುವುದಿಲ್ಲ, ಹಲ್ಲಿಗೆ ನೆಗಡಿ ಆಗುತ್ತದಾ, ಹೀಗೆ. ಎರಡನೇ ತರಗತಿ ಮುಗಿಯುವ ಹೊತ್ತಿಗೆ ಅವಳು ಕೇಳುವುದನ್ನು ನಿಲ್ಲಿಸಿದ್ದಳು. ಕಾರಣ ಕೇಳಿದೆ. "ಕೇಳಿದ್ರ ಪೋರ್ಷನ್ ಮುಗಿಯಂಗಿಲ್ಲಂತ" ಎಂದಳು. ಅವತ್ತು ರಾತ್ರಿ ನಾನೂ ನಮ್ಮ ಮನೆಯವರೂ ಕೂತು ಮಾತಾಡಿದೆವು. ನಾನು ಬಿ.ಎಡ್ ಮಾಡಿದವಳು. ಮನೆಯಲ್ಲಿ ಅತ್ತೆ ಇದ್ದಾರೆ. ಮಕ್ಕಳು ಅವರನ್ನು ಆಯಿ ಅನ್ನುತ್ತಾರೆ. ಹೊಲ, ಅಡುಗೆ, ಹಾಡು, ಔಷಧಿ, ಏನು ಕೇಳಿದರೂ ಅವರ ಬಳಿ ಉತ್ತರ ಉಂಟು. ನಾವೇ ಕಲಿಸೋಣ ಎಂದು ತೀರ್ಮಾನಿಸಿದೆವು.

ಇಲ್ಲಿ ಒಂದು ಮಾತು ಹೇಳಲೇಬೇಕು. ಶಾಲೆ ಬೇಡ ಎಂದು ಹೇಳಲು ನಾನು ಮೈಕಿನ ಮುಂದೆ ಕೂತಿಲ್ಲ. 2024ರಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಪಟ್ಟಿಯಲ್ಲಿ ಯಾದಗಿರಿ ಕೊನೆಯಲ್ಲಿತ್ತು. 2025ರಲ್ಲಿ ಆ ಜಾಗಕ್ಕೆ ನಮ್ಮ ಕಲಬುರಗಿ ಬಂತು. ಆ ಸುದ್ದಿ ಓದಿ ನನಗೆ ಊಟ ಸೇರಲಿಲ್ಲ. ನಮ್ಮ ಭಾಗದಲ್ಲಿ ನಸುಕಿನಲ್ಲೇ ಕೂಲಿಗೆ ಹೋಗುವ ತಾಯಂದಿರು ಸಾವಿರಾರು. ಅವರ ಮಕ್ಕಳಿಗೆ ಶಾಲೆಯೇ ನೆರಳು, ಶಾಲೆಯೇ ಊಟ. 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಶುರುವಾದದ್ದು ನಮ್ಮ ಈ ಜಿಲ್ಲೆಗಳಿಂದಲೇ. ಮಹಾದಾಸೋಹಿ ಶರಣಬಸವೇಶ್ವರರ ಊರಿನಲ್ಲಿ ಅದಕ್ಕೆ ಆ ಹೆಸರು ಎಷ್ಟು ಒಪ್ಪುತ್ತದೆ! ಶಾಲೆಗಳು ಗಟ್ಟಿಯಾಗಬೇಕು. ಮನೆಯಲ್ಲಿ ಕಲಿಸುವ ಅನುಕೂಲ ಇರುವ ನಮ್ಮಂಥವರು ಕಂಡದ್ದನ್ನು ಹಂಚಿಕೊಳ್ಳಬೇಕು. ಅದಕ್ಕೇ ಬಂದಿದ್ದೇನೆ.

ನಮ್ಮ ಮನೆಯ ಕರಿಹಲಗೆ ಎಂದರೆ ನೆಲ. ಶಹಾಬಾದಿ ಪರಸಿಯ, ಅಂದರೆ ಶಹಾಬಾದ್ ಕಲ್ಲಿನ ಹಲಗೆಗಳ ನೆಲ. ಬಳಪದಲ್ಲಿ ಬರೆದರೆ ಚೆಂದ ಮೂಡುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಎಷ್ಟು ದೊಡ್ಡ ಲೆಕ್ಕವಾದರೂ ಜಾಗ ಸಾಲದೆ ಹೋಗುವುದಿಲ್ಲ.

ಒಂದು ದಿನ ಮಗನ ಕೈಯಿಂದ ಶರಬತ್ತಿನ ನಿಂಬೆರಸ ಚೆಲ್ಲಿತು. ಒರೆಸಲು ಬಟ್ಟೆ ತಂದವನು ಒರೆಸದೆ ಅಲ್ಲೇ ಕುಕ್ಕರಗಾಲಲ್ಲಿ ಕೂತ. "ಅವ್ವಾ, ಕಲ್ಲು ಉಸಿರಾಡ್ಲಾಕತ್ತದ!" ಹೌದು, ಸಣ್ಣ ಸಣ್ಣ ಗುಳ್ಳೆ ಏಳುತ್ತಿದ್ದವು. ಶಹಾಬಾದ್ ಕಲ್ಲು ಸುಣ್ಣದಕಲ್ಲು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ಬಿದ್ದರೆ ಅದರಿಂದ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ನಾವು ಉಸಿರು ಬಿಟ್ಟಾಗಲೂ ಅದೇ ಅನಿಲ ಹೊರಗೆ ಬರುತ್ತದೆ. ಹಾಗಾಗಿ ಹುಡುಗ ಹೇಳಿದ್ದರಲ್ಲಿ ಹುರುಳಿತ್ತು. ಒರೆಸಿದ ಮೇಲೆ ನೋಡಿದರೆ ಅಲ್ಲಿ ಹೊಳಪು ಹೋಗಿ ಮಂಕಾದ ಕಲೆ. "ನಿಂಬಿಹಣ್ಣು ನೆಲಕ್ಕ ಬೀಳಬಾರದಂತ ನಮ್ಮತ್ತಿ ಹೇಳ್ತಿದ್ರು. ಯಾಕಂತ ನಾ ಕೇಳಿರ್ಲಿಲ್ಲ" ಎಂದರು ಆಯಿ. ಅವರಿಗೂ ಉತ್ತರ ಸಿಕ್ಕಿತು.

ಆಮೇಲೆ ಅಡುಗೆಮನೆಯ ಸಾಮಾನಿಗೆ ಉಳಿಗಾಲ ಇರಲಿಲ್ಲ. ಹಿತ್ತಲಲ್ಲಿ ಒಡೆದ ಪರಸಿಯ ತುಂಡು ಒಂದಿತ್ತು. ಅದರ ಮೇಲೆ ಹುಣಸೆ ನೀರು, ಮಜ್ಜಿಗೆ, ಚಹಾ, ಆಯಿಯ ಕೆಮ್ಮಿನ ಕಷಾಯ, ಎಲ್ಲದರ ಪರೀಕ್ಷೆ ನಡೆಯಿತು. ಮಗಳು ಕೋಷ್ಟಕ ಹಾಕಿ ಬರೆದುಕೊಂಡಳು. ಗುಳ್ಳೆ ಬಂತಾ, ಕಲೆ ಉಳಿಯಿತಾ, ಎಷ್ಟು ಹೊತ್ತು ಬಿಟ್ಟೆವು. ನಾನು ಒಂದು ಸಾಲನ್ನೂ ಹೇಳಿ ಬರೆಸಲಿಲ್ಲ. ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಯಿತು. ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆಗಳು ಯಾಕೆ ಬಂದವು? ಇದೇ ಸುಣ್ಣದಕಲ್ಲಿಗಾಗಿ. ಈ ಕಲ್ಲು ಇಲ್ಲಿಗೆ ಹೇಗೆ ಬಂತು? ಕೋಟಿಗಟ್ಟಲೆ ವರ್ಷಗಳ ಹಿಂದೆ ಇಲ್ಲಿ ಸಮುದ್ರವಿತ್ತು. ಅದರ ತಳದಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ಕೂತು ಕಲ್ಲಾಯಿತು. ಅದಕ್ಕೇ ಶಹಾಬಾದ್ ಕಲ್ಲು ಹಲಗೆ ಹಲಗೆಯಾಗಿ ಏಳುತ್ತದೆ. ಇಷ್ಟು ಕೇಳಿದ ಮಗ ನೆಲದ ಮೇಲೆ ಮಲಗಿದ್ದ ಆಯಿಯ ಹತ್ತಿರ ಹೋದ. "ಆಯಿ, ನೀ ಸಮುದ್ರದಾಗ ಮಲಗೀದಿ" ಎಂದ. ಆಯಿ ಕಣ್ಣು ಬಿಡದೆ ಹೇಳಿದರು, "ಅದಕ್ಕೇ ತಂಪದ. ಫ್ಯಾನ್ ಹಚ್ಚಿ ಹೋಗು."

ಮಳಖೇಡದ ಹೆಸರು ಬಂತಲ್ಲ. ಅದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷನ ಕಾಲದಲ್ಲಿ, ಅಂದರೆ 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಎಂಬ ಗಣಿತಜ್ಞ ಇದ್ದ. ಗಣಿತಸಾರಸಂಗ್ರಹ ಎಂಬ ಗ್ರಂಥದ ಆರಂಭದಲ್ಲಿ ಅವನು ಈ ರಾಜನನ್ನು ಹೊಗಳಿದ್ದಾನೆ. ಆ ಗ್ರಂಥದಲ್ಲಿ ಹೂಮಾಲೆಯಂತೆ ಕಾಣುವ ಸಂಖ್ಯೆಗಳು ಬರುತ್ತವೆ. 139ನ್ನು 109ರಿಂದ ಗುಣಿಸಿ. 15151 ಬರುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಅದೇ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು, 11111111.

ಮಗಳು ಈ ಗುಣಾಕಾರವನ್ನು ಪಡಸಾಲೆಯ ನೆಲದ ಮೇಲೆ ಮಾಡಿದಳು. ಒಂದೊಂದು ಅಂಕಿ ಒಂದು ಗೇಣು ಎತ್ತರ. ಉತ್ತರದಲ್ಲಿ ಒಂದರ ಹಿಂದೆ ಒಂದು ಬರಲು ಶುರುವಾದಾಗ ಅವಳ ಮುಖ ನೋಡಬೇಕಿತ್ತು. ಕೊನೆಯ ಒಂದು ಬಿದ್ದಾಗ ಕೂಗಿದ ಕೂಗಿಗೆ ಪಕ್ಕದ ಮನೆಯ ಖಾಲಾ ಏನಾಯಿತೋ ಎಂದು ಓಡಿ ಬಂದರು. ಅವರಿಗೂ ತೋರಿಸಿದ್ದಾಯಿತು. ಅವರು "ಮಾಶಾಅಲ್ಲಾ" ಎಂದು ದೃಷ್ಟಿ ತೆಗೆದರು. ಅವತ್ತು ಸಂಜೆಯವರೆಗೆ ಆ ಲೆಕ್ಕ ಒರೆಸಲು ಅವಳು ಬಿಡಲಿಲ್ಲ. ಮನೆಗೆ ಬಂದವರೆಲ್ಲ ಅಂಕಿ ತುಳಿಯದೆ ಗೋಡೆ ಹಿಡಿದು ನಡೆದರು. ನಮ್ಮ ಜಿಲ್ಲೆಯ ನೆಲದಲ್ಲಿ ಇಂಥ ಗಣಿತ ಬೆಳೆದಿತ್ತು ಎಂದು ಇಲ್ಲಿನ ಪ್ರತಿ ಮಗುವಿಗೂ ತಿಳಿಯಬೇಕು. ಗಣಿತ ಎಂದರೆ ಹೆದರುವ ಮಕ್ಕಳನ್ನು ಕಂಡಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ.

ಮಗನ ಗಣಿತ ಬರುವುದು ಅವರ ಅಪ್ಪನ ಜೊತೆ. ಅವರು ಗಂಜ್‌ನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ದಾಲ್ ಮಿಲ್ಲಿನ ಲೆಕ್ಕ ಬರೆಯುತ್ತಾರೆ. ಒಂದು ಕ್ವಿಂಟಲ್ ತೊಗರಿ ಒಡೆದರೆ ಸುಮಾರು 70 ಕಿಲೋ ಬೇಳೆ ಸಿಗುತ್ತದೆ ಎಂದು ಒಮ್ಮೆ ಹೇಳಿದರು. "ಉಳಿದ 30 ಕಿಲೋ ಯಾರು ತಿಂದ್ರು?" ಎಂದು ಹುಡುಗ ಎದ್ದು ನಿಂತ. ಹೊಟ್ಟು, ನುಚ್ಚು, ಪುಡಿ ಎಲ್ಲ ದನಕ್ಕೆ ಹೋಗುತ್ತದೆ ಎಂದು ತಿಳಿಸಿದರು. ಶೇಕಡಾ ಲೆಕ್ಕ ಅವನಿಗೆ ಹತ್ತಿದ್ದು ಹೀಗೆ. ಈಗ ಓಣಿಯಲ್ಲಿ ಎಮ್ಮೆ ಬಂದರೆ "ಮೂವತ್ತು ಪರ್ಸೆಂಟ್ ಬಂತು" ಎಂದು ದಾರಿ ಬಿಡುತ್ತಾನೆ.

ಚಳಿಗಾಲದಲ್ಲಿ ಸನ್ನತಿಗೆ ಹೋಗಿದ್ದೆವು. ಭೀಮಾ ನದಿಯ ದಂಡೆ, ಚಂದ್ರಲಾಂಬಾ ದೇವಸ್ಥಾನ. 1986ರಲ್ಲಿ ಅಲ್ಲಿನ ಕಾಳಿಕಾ ಗುಡಿಯ ಚಾವಣಿ ಕುಸಿಯಿತು. ಆಗ ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡಿತು. ಹತ್ತಿರದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪ ಇದೆ. ಅಲ್ಲಿ ಸಿಕ್ಕ ಒಂದು ಶಿಲ್ಪದಲ್ಲಿ ರಾಜ ರಾಣಿ ನಿಂತಿದ್ದಾರೆ. ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ "ರಾಯೋ ಅಸೋಕೋ" ಎಂದು ಕೆತ್ತಿದೆ. ಅಂದರೆ ರಾಜ ಅಶೋಕ. ಹೆಸರು ಬರೆದಿದ್ದರಿಂದಲೇ ಇವನು ಅಶೋಕ ಎಂದು ಇಂದು ನಮಗೆ ಗೊತ್ತು.

ಈ ಕೊನೆಯ ಮಾತು ಮಗನ ತಲೆಯಲ್ಲಿ ಕೂತುಬಿಟ್ಟಿತು. ಮನೆಗೆ ಬಂದವನೇ ಚೀಟಿ ಕತ್ತರಿಸಿ ಅಂಟಿಸಲು ಶುರು ಮಾಡಿದ. ಅಪ್ಪನ ಸ್ಕೂಟರಿನ ಮೇಲೆ "ರಾಯೋ ಅಪ್ಪಾ". ಆಯಿಯ ಮಂಚಕ್ಕೆ "ರಾಯೋ ಆಯಿ". ರೊಟ್ಟಿ ಡಬ್ಬಿಯ ಮೇಲೆ ತನ್ನದೇ ಹೆಸರು. ಎರಡು ಸಾವಿರ ವರ್ಷ ಆದ ಮೇಲೆ ಬಂದವರಿಗೆ ಗುರುತು ಸಿಗಬೇಕಂತೆ. ಬ್ರಾಹ್ಮಿಯ ನಾಲ್ಕಾರು ಅಕ್ಷರವನ್ನೂ ಅಕ್ಕನಿಂದ ಕಲಿತುಕೊಂಡ. ಆಯಿ ಆ ಚೀಟಿ ಇನ್ನೂ ತೆಗೆದಿಲ್ಲ. ನೆಂಟರು ಬಂದರೆ ತಾವೇ ತೋರಿಸುತ್ತಾರೆ.

ಬೇಸಿಗೆಯಲ್ಲಿ ನಮ್ಮ ಪಾಠ ಎಂಟು ಗಂಟೆಗೇ ಮುಗಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆಯ ಪಾಳಿಗೆ ಬದಲಾಗುತ್ತವೆ, ಮಕ್ಕಳನ್ನು ಮಧ್ಯಾಹ್ನ ಕೂಡಿಸುವುದು ಹೇಗೆ? ಆದರೆ ಒಂದು ದಿನ ಮಾತ್ರ ನಡುಮಧ್ಯಾಹ್ನ ಮಾಳಿಗೆ ಹತ್ತುತ್ತೇವೆ. ಮೇ 9ರ ಆಸುಪಾಸು ಸೂರ್ಯ ನಮ್ಮ ಊರಿನ ನೆತ್ತಿಯ ಮೇಲೆ ಬರುತ್ತಾನೆ. ಆಗಸ್ಟ್ ಮೊದಲ ವಾರದಲ್ಲಿ ಇನ್ನೊಮ್ಮೆ. ಆದರೆ ಆಗ ಮೋಡ ಇರುತ್ತದೆ. ಒನಕೆಯನ್ನು ನೆಟ್ಟಗೆ ನಿಲ್ಲಿಸಿದರೆ ನೆರಳು ಸಣ್ಣದಾಗುತ್ತಾ ಬಂದು ಅದರ ಬುಡದಲ್ಲೇ ಅಡಗುತ್ತದೆ. ಅದೂ ಸರಿಯಾಗಿ ಹನ್ನೆರಡಕ್ಕಲ್ಲ, ಹನ್ನೆರಡು ಇಪ್ಪತ್ತರ ಹೊತ್ತಿಗೆ. ಯಾಕೆ? ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು. ನಾವು ಅದಕ್ಕಿಂತ ಐದೂವರೆ ಡಿಗ್ರಿಗೂ ಜಾಸ್ತಿ ಪಶ್ಚಿಮಕ್ಕಿದ್ದೇವೆ. ಡಿಗ್ರಿಗೆ ನಾಲ್ಕು ನಿಮಿಷ ಸೂರ್ಯ ನಮಗೆ ತಡ. ಈ ಲೆಕ್ಕವನ್ನು ಮಗಳು ಕಾದ ಮಾಳಿಗೆಯ ಮೇಲೆ ಒಂದೊಂದೇ ಕಾಲು ಎತ್ತುತ್ತಾ ಹೇಳಿದಳು. ಆಯಿ ಮೆಟ್ಟಿಲ ಮೇಲೆ ಕೊಡೆ ಹಿಡಿದು ನಿಂತಿದ್ದರು. "ಮಂದಿ ನೆರಳು ಹುಡುಕ್ಕೊಂಡು ಹೋಗ್ತಾರ, ಇವ್ರು ನೆರಳು ಕಳಕೊಳ್ಳಾಕ ನಿಂತಾರ" ಎಂದು ನಕ್ಕರು. ಆಮೇಲೆ ತಾವೇ ಬಂದು ಬಗ್ಗಿ ನೋಡಿದರು.

ಮಕ್ಕಳು ಬೇರೆಯವರ ಜೊತೆ ಬೆರೆಯುತ್ತಾರಾ ಎಂದು ಬಹಳ ಜನ ಕೇಳುತ್ತಾರೆ. ನಮ್ಮ ಓಣಿಗೆ ಒಮ್ಮೆ ಬನ್ನಿ. ನಾಲ್ಕು ಗಂಟೆಗೆ ಶಾಲೆ ಬಿಟ್ಟರೆ ನಮ್ಮ ಕಟ್ಟೆ ತುಂಬುತ್ತದೆ. ಮಗ ಖಾಲಾನ ಮಕ್ಕಳ ಜೊತೆ ದಖನಿ ಮಾತಾಡುತ್ತಾನೆ, ಮೆಣಸಿನಕಾಯಿ ಮಾರುವ ಅಕ್ಕನ ಹತ್ತಿರ ತೆಲುಗು. ಜಗಳ ಒಂದು ಭಾಷೆಯಲ್ಲಿ, ರಾಜಿ ಇನ್ನೊಂದರಲ್ಲಿ. ಅದನ್ನು ನಾನು ಕಲಿಸಿದ್ದಲ್ಲ, ಊರು ಕಲಿಸಿದ್ದು.

ಪರೀಕ್ಷೆಯ ಮಾತಿಗೆ ಬರೋಣ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು ಅದರ 10ನೇ ಸೆಕ್ಷನ್ ಹೇಳುತ್ತದೆ. ಮನೆಯಲ್ಲಿ ಕಲಿಸುವವರಿಗೆ ಅದರಲ್ಲಿ ಪ್ರತ್ಯೇಕ ನಿಯಮ ಇಲ್ಲ, ಪೋಷಕರಿಗೆ ದಂಡವೂ ಇಲ್ಲ. ಈ ದಾರಿ ಹಿಡಿಯುವವರು ಇದನ್ನು ಓದಿ ತಿಳಿದೇ ಹೊರಡಬೇಕು. 1989ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯನ್ನು ಶುರು ಮಾಡಿತು. ಎನ್‌ಐಒಎಸ್ ಎಂದರೆ ಅದೇ. ಮನೆಯಲ್ಲಿ ಓದಿದವರೂ ಅದರ ಮೂಲಕ ಹತ್ತನೇ ತರಗತಿಯ ಪರೀಕ್ಷೆ ಬರೆಯಬಹುದು. ಹದಿನಾಲ್ಕು ತುಂಬಿರಬೇಕು. ಶಾಲೆಗೆ ಮರಳುವ ಬಾಗಿಲೂ ತೆರೆದಿದೆ. ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು.

ಈ ಸೆಕ್ಷನ್ ನಮ್ಮ ಮಗಳಿಗೆ ಬಾಯಿಪಾಠ. ಯಾಕೆಂದರೆ ಬರುವ ಜೂನ್‌ನಲ್ಲಿ ಎಂಟನೇ ತರಗತಿಗೆ ಶಾಲೆಗೆ ಹೋಗುತ್ತೇನೆ ಎಂದು ಅವಳೇ ಹೇಳಿದ್ದಾಳೆ. ಕಾರಣ ಗಣಿತವೂ ಅಲ್ಲ, ವಿಜ್ಞಾನವೂ ಅಲ್ಲ. ಖೋ ಖೋ! ಮನೆಯಲ್ಲಿ ಎಷ್ಟು ಜನ ಕೂತರೂ ಖೋ ಖೋ ತಂಡ ಆಗುವುದಿಲ್ಲ. ನನಗಂತೂ ಬಹಳ ಸಂತೋಷವಾಯಿತು. ಏನು ಬೇಕು ಎಂದು ತಿಳಿದು ಕೇಳುವ ಹುಡುಗಿ ಮತ್ತೆ ಬಂದಿದ್ದಾಳೆ.

ಹತ್ತಿರದ ಸರ್ಕಾರಿ ಶಾಲೆಗೆ ಅವಳನ್ನು ಕರೆದುಕೊಂಡು ಹೋಗಿದ್ದೆ. ಮೈದಾನವನ್ನು ಹೆಜ್ಜೆಯಲ್ಲಿ ಅಳೆದಳು. ಹೆಣ್ಣುಮಕ್ಕಳ ಶೌಚಾಲಯಕ್ಕೆ ಹೋಗಿ ನಲ್ಲಿ ತಿರುಗಿಸಿ ನೋಡಿದಳು. ಆಮೇಲೆ ಅಲ್ಲಿನ ಟೀಚರ್ ಎದುರು ನಿಂತು, "ಕ್ಲಾಸಿನಾಗ ಪ್ರಶ್ನೆ ಕೇಳಬಹುದೇನ್ರಿ ಮೇಡಮ್?" ಎಂದಳು. ಅವರು ಕುರ್ಚಿ ಎಳೆದು ಕೂಡಿಸಿದರು. "ಕೇಳವ್ವ. ನನಗ ಗೊತ್ತಿಲ್ಲಂದ್ರ ಇಬ್ರೂ ಕೂಡಿ ಹುಡುಕೋಣ" ಎಂದರು. ಮಗಳು ಅಲ್ಲೇ ಮೊದಲನೆಯದನ್ನು ಕೇಳಿಬಿಟ್ಟಳು: ಖೋ ಖೋ ತಂಡಕ್ಕೆ ಆಯ್ಕೆ ಯಾವಾಗ? ಜುಲೈನಲ್ಲಂತೆ. ಬೂಟು ಹಾಕಿ ಆಡಬೇಕೋ ಬರಿಗಾಲಲ್ಲೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ಈಗ ಜೋರಾಗಿ ನಡೆದಿದೆ. ಆಯಿ ಬರಿಗಾಲಿನ ಕಡೆ ಇದ್ದಾರೆ.

ನಮಸ್ಕಾರ.