ಹಿತಕಿದ ಬೇಳೆ, ಸೋಸಿದ ರಾಗಿ: ಕರುಳಿನ ಉರಿಯೂತ ಇರುವವರ ಊಟ

ಎಲ್ಲರಿಗೂ ನಮಸ್ಕಾರ. ಕೋಲಾರದಲ್ಲಿ ಕರುಳಿನ ಉರಿಯೂತದ ಮಾತೆತ್ತಿದರೆ ಸಾಕು, ಮೊದಲು ಏಳುವ ಪ್ರಶ್ನೆ: "ಮುದ್ದೆ ತಿನ್ನಬಹುದಾ, ಬಿಡಬೇಕಾ?" ಇದಕ್ಕೆ ಒಂದೇ ಮಾತಿನ ಉತ್ತರ ಇಲ್ಲ. ಕರುಳು ಈಗ ಹುಣ್ಣಾಗಿ ಕೆರಳಿದೆಯೋ, ಔಷಧಿಗೆ ಬಗ್ಗಿ ತಣ್ಣಗಿದೆಯೋ, ಎಲ್ಲಾದರೂ ಕಿರಿದಾಗಿದೆಯೋ ಅನ್ನುವುದು ಗೊತ್ತಾದ ಮೇಲೆ ಮುದ್ದೆಯ ವಿಚಾರ.

ಈ ಕರುಳಿನ ಉರಿಯೂತಕ್ಕೆ ಐಬಿಡಿ ಅನ್ನುತ್ತಾರೆ; ಅಂದರೆ ಮುಖ್ಯವಾಗಿ ಎರಡು ಕಾಯಿಲೆ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರಕ್ಕೆ ಬರುವುದು. ಗುದನಾಳದಿಂದ ಶುರುವಾಗಿ ಮೇಲಕ್ಕೆ ಹಬ್ಬುತ್ತದೆ. ಕ್ರೋನ್ಸ್ ಬಾಯಿಂದ ಗುದದ್ವಾರದ ತನಕ ಎಲ್ಲಿ ಬೇಕಾದರೂ ಬರಬಹುದು, ಹೆಚ್ಚಾಗಿ ಸಣ್ಣ ಕರುಳಿನ ಕೊನೆಯ ಭಾಗದಲ್ಲಿ. ಅದು ಕರುಳಿನ ಗೋಡೆಯ ಪೂರಾ ದಪ್ಪಕ್ಕೆ ಇಳಿಯುವುದರಿಂದ ಕೆಲವರಿಗೆ ವರ್ಷಗಳು ಕಳೆದಂತೆ ಆ ಜಾಗ ಕಲೆಗಟ್ಟಿ ಕಿರಿದಾಗುತ್ತದೆ. ಅದನ್ನೇ ಸ್ಟ್ರಿಕ್ಚರ್ ಅನ್ನುವುದು. ಮಲದಲ್ಲಿ ರಕ್ತ ಕಂಡಾಗ "ಹೀಟ್ ಆಗಿದೆ", "ಪೈಲ್ಸ್ ಇರಬೇಕು" ಅಂದುಕೊಂಡು ತಿಂಗಳುಗಟ್ಟಲೆ ಎಳನೀರು, ಮಜ್ಜಿಗೆಯಲ್ಲೇ ಕಾಲ ತಳ್ಳುವವರು ನಮ್ಮಲ್ಲಿ ಕಡಿಮೆ ಇಲ್ಲ.

ಮೆಸಲಮಿನ್, ಅಜಾಥಿಯೋಪ್ರಿನ್‌ನಂಥ ಉರಿಯೂತ ತಗ್ಗಿಸುವ ಮಾತ್ರೆ ನಿಲ್ಲಿಸಿ ಬರೀ ಪಥ್ಯದಲ್ಲಿ ಇರುತ್ತೇನೆ ಅನ್ನುವುದು ಆಗದ ಮಾತು. ಊಟವೇ ಔಷಧಿಯಾಗುವ ಒಂದು ಕ್ರಮ ಇದೆ ನಿಜ: ಕ್ರೋನ್ಸ್ ಇರುವ ಮಕ್ಕಳಿಗೆ 6ರಿಂದ 8 ವಾರ ಬೇರೇನೂ ಕೊಡದೆ, ಎಲ್ಲ ಪೋಷಕಾಂಶ ಅಳೆದು ಹಾಕಿದ ದ್ರವಾಹಾರ ಮಾತ್ರ ಕುಡಿಸುತ್ತಾರೆ. ಅದು ವೈದ್ಯರು, ಡಯಟೀಷಿಯನ್ ತೂಕ ನೋಡಿ ನೋಡಿ ನಡೆಸುವ ಚಿಕಿತ್ಸೆ. ಮನೆಯ ಗಂಜಿ ಅದಕ್ಕೆ ಸಮವಲ್ಲ. ಕೊಲೈಟಿಸ್‌ಗೆ ಆ ಕ್ರಮ ಚಿಕಿತ್ಸೆಯೂ ಅಲ್ಲ.

ನಮ್ಮ ಕಡೆ ನಡೆಯುವ ದೊಡ್ಡ ತಪ್ಪು ಏನೆಂದರೆ ಪಥ್ಯದ ಹೆಸರಿನಲ್ಲಿ ಉಪವಾಸ. ಬೇಳೆ ಗ್ಯಾಸು, ಹಾಲು ಕಫ, ಮೊಟ್ಟೆ ಉಷ್ಣ ಅಂತ ಒಂದೊಂದೇ ತೆಗೆದು ಕೊನೆಗೆ ಗಂಜಿ, ಬ್ರೆಡ್ ಉಳಿಯುತ್ತವೆ. ಕಾಯಿಲೆ ಕೆರಳಿದಾಗ ದೇಹಕ್ಕೆ ಪ್ರೋಟೀನ್ ಜಾಸ್ತಿ ಬೇಕು: ಕೆಜಿ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ. 50 ಕೆಜಿ ಇರುವವರಿಗೆ 60ರಿಂದ 75 ಗ್ರಾಂ. ಲೆಕ್ಕ ಹಾಕಿ ನೋಡಿ: 3 ಮೊಟ್ಟೆ 18 ಗ್ರಾಂ, ಮೆತ್ತಗೆ ಬೇಯಿಸಿದ 50 ಗ್ರಾಂ ಹೆಸರುಬೇಳೆ 12, 400 ಗ್ರಾಂ ಮೊಸರು 13ರ ಹತ್ತಿರ, ಅಕ್ಕಿ ರಾಗಿ ಸೇರಿ 200 ಗ್ರಾಂನಿಂದ 14. ಇಷ್ಟೆಲ್ಲ ತಿಂದರೂ 57. ಮೊಟ್ಟೆ ತಿನ್ನದವರು ಆ ಜಾಗಕ್ಕೆ 100 ಗ್ರಾಂ ಪನೀರ್ ತರಬೇಕು. ಗಂಜಿ, ಬ್ರೆಡ್‌ನಲ್ಲಿ ಇದು ಹೇಗೆ ತುಂಬೀತು?

ಈಗ ಮುದ್ದೆಗೆ ಬರೋಣ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ನಾರು ಸುಮಾರು 11 ಗ್ರಾಂ. ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಕಾಯಿಲೆ ತಣ್ಣಗಿದ್ದು, ಸ್ಟ್ರಿಕ್ಚರ್ ಇಲ್ಲದಿದ್ದರೆ ಮುದ್ದೆ ಬಿಡಲು ಕಾರಣವೇ ಇಲ್ಲ. ಸ್ಟ್ರಿಕ್ಚರ್ ಇದ್ದಾಗ ಅಪಾಯ ಮುದ್ದೆಗಿಂತ ಅದರ ಜೊತೆ ಹೋಗುವುದರಲ್ಲಿದೆ. ಮುದ್ದೆ ನುಂಗುವ ಊಟ. ಸಾರಿನ ಕಾಳು, ಸೊಪ್ಪಿನ ದಂಟು, ಟೊಮೆಟೊ ಸಿಪ್ಪೆ ಎಲ್ಲವೂ ಅಗಿಯದೆ ಅದರ ಜೊತೆಗೇ ಇಳಿದು, ಕಿರಿದಾದ ಜಾಗದಲ್ಲಿ ಗಂಟುಕಟ್ಟಿ ಸಿಕ್ಕಿಕೊಳ್ಳಬಹುದು.

ಕೆರಳಿದ ದಿನಗಳಲ್ಲಿ, ಹಾಗೆಯೇ ಸ್ಟ್ರಿಕ್ಚರ್ ಇರುವವರಿಗೆ, ರಾಗಿಯಿಂದ ಹಾಲು ತೆಗೆದು ಕೊಡಿ. 60 ಗ್ರಾಂ ರಾಗಿ ತೊಳೆದು 8ರಿಂದ 10 ಗಂಟೆ ನೆನೆಸಿ, ಒಂದು ಲೋಟ ನೀರು ಹಾಕಿ ನುಣ್ಣಗೆ ರುಬ್ಬಿ, ಹಳೇ ಪಂಚೆ ಬಟ್ಟೆಯಲ್ಲಿ ಹಿಂಡಿ. ಹಿಪ್ಪೆಗೆ ಮತ್ತೆ ಅರ್ಧ ಲೋಟ ನೀರು ಹಾಕಿ ಇನ್ನೊಮ್ಮೆ ರುಬ್ಬಿ, ಹಿಂಡಿ. ಬಂದ ಹಾಲನ್ನು ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಾ 8-10 ನಿಮಿಷ, ಹೊಳಪು ಬರುವ ತನಕ ಬೇಯಿಸಿ. ಬೀಸಿಸಿದ ಹಿಟ್ಟನ್ನೇ ಜರಡಿ ಹಿಡಿದರೆ ಆಗದೇ ಅಂತ ಕೇಳುತ್ತಾರೆ. ರಾಗಿಯ ಸಿಪ್ಪೆ ಪುಡಿಪುಡಿಯಾಗಿ ಹಿಟ್ಟಿನ ಜೊತೆಗೇ ಜರಡಿಯಿಂದ ಇಳಿದುಬಿಡುತ್ತದೆ; ಬಟ್ಟೆಯೇ ಬೇಕು. ಬೆಲ್ಲ ಒಂದು ಚಮಚಕ್ಕೆ ನಿಲ್ಲಲಿ. ಸಿಹಿ ಹೆಚ್ಚಾದರೆ ಅದು ಕರುಳಿಗೆ ನೀರೆಳೆದು ಭೇದಿ ಹೆಚ್ಚುತ್ತದೆ. ಸೋಸಿದಾಗ ಕ್ಯಾಲ್ಸಿಯಂನ ಒಂದು ಪಾಲು ಹಿಪ್ಪೆಯ ಜೊತೆ ಹೋಗುತ್ತದೆ, ಅದಕ್ಕೇ ಇದನ್ನು ವರ್ಷವಿಡೀ ಮಾಡಬಾರದು. ಸ್ಟೀರಾಯ್ಡ್ ತಗೊಳ್ಳುವವರು ಮೂಳೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಬೇಕಾ ಅಂತ ವೈದ್ಯರನ್ನು ಕೇಳಲೇಬೇಕು.

ಅವರೆಕಾಳಿನ ವಿಚಾರದಲ್ಲಿ ನಮ್ಮ ಅಜ್ಜಿಯರು ಅರ್ಧ ಕೆಲಸ ಮುಗಿಸಿಟ್ಟಿದ್ದಾರೆ. ರಾತ್ರಿ ನೆನೆಸಿ ಹಿತಕಿದರೆ ಕರಗದ ನಾರಿರುವ ಸಿಪ್ಪೆ ಹೊರಗೆ. ನೆನೆಸಿದ ನೀರು ಚೆಲ್ಲಿದರೆ ಗ್ಯಾಸ್ ಮಾಡುವ ಸಕ್ಕರೆಗಳೂ ಒಂದಷ್ಟು ಹೊರಗೆ. ಸ್ಟ್ರಿಕ್ಚರ್ ಇರುವವರು ಹಿತಕಿದ ಬೇಳೆಯನ್ನು ಬೆರಳಿನಲ್ಲಿ ಒತ್ತಿದರೆ ಕರಗುವಂತೆ ಬೇಯಿಸಿ, ಮಸೆದು, ಎರಡು ಚಮಚದಿಂದ ಶುರುಮಾಡಬಹುದು. ಟೊಮೆಟೊ ಬಿಸಿನೀರಿಗೆ ಹಾಕಿ ಸಿಪ್ಪೆ ಸುಲಿದು, ಬೀಜ ಸೋಸಿ. ತೆಂಗಿನ ತುರಿಯ ಬದಲು ಕಾಯಿಹಾಲು. ಸೀಬೆಬೀಜ, ಮುಸುಕಿನ ಜೋಳ, ಇಡೀ ಕಡಲೆಕಾಯಿ, ಕಿತ್ತಳೆಯ ತೊಳೆಯ ಪೊರೆ ಬೇಡವೇ ಬೇಡ.

ಬಸ್ಸಾರಿನದು ಬೇರೆ ಕಥೆ. ಸೊಪ್ಪು, ಕಾಳು ಬಸಿದ ಕಟ್ಟಿನಲ್ಲಿ ನಾರು ಕಡಿಮೆ, ಹಾಗಾಗಿ ಸ್ಟ್ರಿಕ್ಚರ್ ಇರುವವರಿಗೆ ಖಾರ ತಗ್ಗಿಸಿದ ಕಟ್ಟು ಒಗ್ಗುತ್ತದೆ. ಆದರೆ ಸಣ್ಣ ಕರುಳಿನ ಕೊನೆ ಕತ್ತರಿಸಿಕೊಂಡು ದೊಡ್ಡ ಕರುಳು ಉಳಿಸಿಕೊಂಡವರಿಗೆ ಇದು ತಲೆಕೆಳಗು. ಕೊಬ್ಬು ಜೀರ್ಣವಾಗದೆ ಉಳಿದು ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ಆ ಕ್ಯಾಲ್ಸಿಯಂ ಸಿಗದೆ ಒಂಟಿಯಾದ, ಸೊಪ್ಪಿನಲ್ಲಿರುವ ಆಕ್ಸಲೇಟ್ ಅನ್ನುವ ಪದಾರ್ಥ ರಕ್ತಕ್ಕೆ ಸೇರಿ ಮೂತ್ರಪಿಂಡದಲ್ಲಿ ಕಲ್ಲಾಗಬಹುದು. ದಂಟು, ಪಾಲಕ್ ಬೇಯಿಸಿದಾಗ ಆಕ್ಸಲೇಟ್‌ನ ದೊಡ್ಡ ಪಾಲು ಇಳಿಯುವುದು ನೀರಿಗೆ, ಅಂದರೆ ನಾವು ಸಾರು ಮಾಡುವ ಕಟ್ಟಿಗೇ. ಅವರು ಆ ಕಟ್ಟು ಚೆಲ್ಲಿ, ಪಲ್ಯ ಸ್ವಲ್ಪ ತಿಂದು, ಅದೇ ಊಟದಲ್ಲಿ ಮೊಸರು ಸೇರಿಸಬೇಕು. ವಿಟಮಿನ್ ಬಿ12 ಹೀರುವುದೂ ಆ ಕೊನೆಯ ಭಾಗವೇ. ಅದನ್ನು ತೆಗೆದಿದ್ದರೆ ಇಂಜೆಕ್ಷನ್ ಬೇಕಾಗಬಹುದು.

ಹಾಲು ಎಲ್ಲರಿಗೂ ಶತ್ರುವಲ್ಲ. ಕುಡಿದ ಎರಡು ಗಂಟೆಯಲ್ಲಿ ಹೊಟ್ಟೆ ಗುಡುಗಿದರೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಒಗ್ಗದಿರಬಹುದು. ಮೊಸರು ಸಾಮಾನ್ಯವಾಗಿ ಒಗ್ಗುತ್ತದೆ. ಪ್ಯಾಕೆಟ್ ಐಸ್‌ಕ್ರೀಮ್, ಫ್ಲೇವರ್ಡ್ ಹಾಲು ಕೊಳ್ಳುವಾಗ 407, 433, 466 ಅನ್ನುವ ನಂಬರ್ ಇದೆಯಾ ನೋಡಿ. ಇವು ಮಂದ ಮಾಡಲು, ಬೆರೆಸಲು ಹಾಕುವ ಕ್ಯಾರಗೀನನ್, ಪಾಲಿಸಾರ್ಬೇಟ್ 80, ಸೆಲ್ಯುಲೋಸ್ ಗಮ್. ಇಲಿಗಳ ಪ್ರಯೋಗಗಳಲ್ಲಿ ಇಂಥವು ಕರುಳಿನ ಲೋಳೆಪದರಕ್ಕೆ ತೊಂದರೆ ಕೊಟ್ಟಿವೆ. ಮನುಷ್ಯರಲ್ಲಿ ಪುರಾವೆ ಇನ್ನೂ ಗಟ್ಟಿಯಾಗಿಲ್ಲ. ಬಿಟ್ಟರೆ ನಷ್ಟವೂ ಇಲ್ಲ.

ಬಿಟ್ಟದ್ದನ್ನು ಮರಳಿ ತರುವಾಗ ಒಂದು ಸಲಕ್ಕೆ ಒಂದೇ ಪದಾರ್ಥ, ಮೂರು ದಿನ. ತಿಂದದ್ದು, ಅಳತೆ, ಎಷ್ಟು ಸಲ ಹೋಯಿತು, ರಕ್ತ, ನೋವು, ಇಷ್ಟನ್ನು ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಹೊಟ್ಟೆ ಉಬ್ಬಿದ ಮಾತ್ರಕ್ಕೆ ಕಾಯಿಲೆ ಕೆರಳಿತು ಅಂತಲ್ಲ. ಅನುಮಾನ ಬಂದರೆ ಮಲದ ಕ್ಯಾಲ್‌ಪ್ರೊಟೆಕ್ಟಿನ್ (ಕರುಳು ಉರಿದಾಗ ಮಲದಲ್ಲಿ ಹೆಚ್ಚುವ ಪ್ರೋಟೀನ್) ಪರೀಕ್ಷೆ ಇದೆ: ಒಂದು ಗ್ರಾಂ ಮಲಕ್ಕೆ 150 ಮೈಕ್ರೊಗ್ರಾಂಗಿಂತ ಕಡಿಮೆ ಬಂದರೆ ತೊಂದರೆ ಬಹುಶಃ ಆಹಾರದ್ದು, ಉರಿಯೂತದ್ದಲ್ಲ. ಮೈಕೈ ನೋವಿಗೆ ಮೆಡಿಕಲ್ ಶಾಪ್‌ನಿಂದ ಕರುಳು ಕೆರಳಿಸಬಲ್ಲ ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ತಂದು ನುಂಗಿ, ಕೆರಳಿದ ಮೇಲೆ ಹಿಂದಿನ ದಿನದ ಸಾರನ್ನು ಬೈಯುವುದೂ ಉಂಟು.

ಭೇದಿ ಹೆಚ್ಚಾದಾಗ ಓಆರ್‌ಎಸ್ ಕುಡಿಯಿರಿ, ಪೊಟ್ಟಣದ ಮೇಲೆ 200 ಮಿಲೀ ಎಂದಿದೆಯೋ 1 ಲೀಟರ್ ಎಂದಿದೆಯೋ ಓದಿಕೊಂಡು. ಲೀಟರ್ ಪೊಟ್ಟಣವನ್ನು ಒಂದು ಲೋಟಕ್ಕೆ ಕಲಸಿದರೆ ಭೇದಿ ಇನ್ನೂ ಜಾಸ್ತಿಯಾಗುತ್ತದೆ. ದಿನಕ್ಕೆ 6 ಅಥವಾ ಹೆಚ್ಚು ಸಲ ರಕ್ತಭೇದಿ, ಜೊತೆಗೆ ಜ್ವರ ಅಥವಾ 90 ದಾಟಿದ ನಾಡಿ ಇದ್ದರೆ ಅದೇ ದಿನ ಆಸ್ಪತ್ರೆ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಕರುಳು ಕಟ್ಟಿಕೊಂಡಿರಬಹುದು. ಆಗ ಗಂಜಿ, ಕಷಾಯ, ಭೇದಿ ಮಾತ್ರೆ ಯಾವುದೂ ಕೊಡದೆ, ಆ ನೋಟ್‌ಬುಕ್ ಮತ್ತು ಹಳೇ ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದು ತಕ್ಷಣ ಹೊರಡಿ.